ತಾಮ್ರದ ಇನ್ನೊಂದು ತುದಿ

ಬಸವನಕೊಪ್ಪಲು, ಕುಶಾಲನಗರ
12 ಮಾರ್ಚ್ 2024, ಮಂಗಳವಾರ

ರಂಜಿತಾ,

ಹುಂಜ ಕುಯ್ದು ಕೈ ತೊಳೆದು ಬರೆಯೋಕೆ ಕೂತಿದ್ದೀನಿ. ಕಾಗದದ ಮೂಲೇಲಿ ಕೆಂಪು ಕಂಡರೆ ಹೆದರಬೇಡ, ಅದು ಹುಂಜದ್ದೇ. ದಿನಾ ನಿಮ್ಮಪ್ಪನ ಕಾಲು ಕುಕ್ಕುತ್ತಿತ್ತು. ಇವತ್ತು ಬೆಳಿಗ್ಗೆ ಅವನು ದೊಣ್ಣೆ ಬೀಸಿ ಅದರ ಸೊಂಟ ಮುರಿದು ತೋಟಕ್ಕೆ ಹೋದ. ಅದು ಅಂಗಳದಲ್ಲಿ ತೆವಳೋದು ನೋಡೋಕಾಗದೆ ನಾನೇ ಕತ್ತು ಕುಯ್ದೆ. ಈ ಮನೇಲಿ ಮೊದಲಿಂದಲೂ ಹೀಗೇ. ಅವನು ಅರ್ಧ ಮಾಡ್ತಾನೆ, ಉಳಿದರ್ಧ ನನ್ನ ಪಾಲು.

ಫೋನಿರುವಾಗ ಈ ಮುದುಕಿಗೆ ಕಾಗದ ಯಾಕೆ ಅಂತೀಯ. ಫೋನು ನಿಮ್ಮಪ್ಪನದು. ಅವನು ಸ್ಪೀಕರ್ ಹಾಕಿ ಜಗಲಿ ಮೇಲಿಟ್ಟು, ನಿನ್ನ ಮಾತನ್ನ ಊರಿಗೆಲ್ಲ ಕೇಳಿಸ್ತಾನೆ, ಮಗಳು ಪಿಎಚ್‌ಡಿ ಅಂತ. ಅಲ್ಲಿ ನಾನೇನು ಕೇಳಲಿ, ನೀನೇನು ಹೇಳೀಯ? ಮೂರನೇ ಕ್ಲಾಸು ಓದಿದ್ದು ಇಂಥ ಹೊತ್ತಿಗೆ ಸಾಕು. ಅರಕಲಗೂಡಿನ ಮೇಷ್ಟ್ರು ಬೆತ್ತದಲ್ಲಿ ಹೊಡೆದು ಕಲಿಸಿದ ಅಕ್ಷರ, ಬೇಗ ಸವೆಯಲ್ಲ.

ವಿಷಯಕ್ಕೆ ಬರ್ತೀನಿ. ಭಾನುವಾರ ಫೋನಲ್ಲಿ ನಿನ್ನ ದನಿ ಒದೆ ತಿಂದ ನಾಯೀದರ ಹಾಗಿತ್ತು. ಊಟ ಆಯ್ತಾ ಅಂದರೆ ಆಯ್ತು, ಕೆಲಸ ಹೇಗೆ ಅಂದರೆ ಚೆನ್ನಾಗಿದೆ. ನೀನು ಹುಟ್ಟಿದಾಗ ಹೊಕ್ಕುಳ ಕಟ್ಟಿದವಳು ನಾನು, ನನಗೆ ಚೆನ್ನಾಗಿದೆ ಅಂತೀಯ? ಮೊದಲೆಲ್ಲ ಕೇಳದಿದ್ದರೂ ನೀನೇ ಹೇಳ್ತಿದ್ದೆ. ಗಾಜಿನ ಕೊಳವೆ, ಅದರೊಳಗಿನ ಗಾಳಿಯೆಲ್ಲ ಹೀರಿ ತೆಗೆದು ಒಂದು ಚಿಟಿಕೆ ಆರ್ಗಾನ್ ಬಿಡೋದು, ಮೇಲೆ ತಾಮ್ರದ ಸುರುಳಿ ಸುತ್ತಿ ರೇಡಿಯೋ ಅಲೆ ಕೊಡೋದು. ಅನಿಲ ಹರಿದು ಚೂರಾಗಿ ಉರಿಯುತ್ತೆ, ಅದಕ್ಕೆ ಪ್ಲಾಸ್ಮಾ ಅಂತಾರೆ ಅಂದಿದ್ದೆ. ಸುತ್ತಲೂ ಮ್ಯಾಗ್ನೆಟ್ ಇಟ್ಟರೆ ಆ ಚೂರುಗಳು ಮೇಟಿಗೆ ಕಟ್ಟಿದ ಎತ್ತಿನ ಹಾಗೆ ಸುತ್ತುತ್ತವೆ, ಗೋಡೆಗೆ ಬಡಿಯಲ್ಲ, ಗುಲಾಬಿ ಬೆಳಕು ನಡೂಕೆ ಕೂಡಿ ನೀಲಿ ಕಂಬ ಆಗುತ್ತೆ ಅಂದಿದ್ದೆ. ನನಗೆ ಅರ್ಥ ಆಗಿದ್ದು ಎತ್ತು ಮಾತ್ರ. ಆದರೂ ನೀನು ಹೇಳುವಾಗ ನಿನ್ನ ಕಣ್ಣೇ ನೀಲಿ ಆಗ್ತಿತ್ತು. ಈಗ ಎರಡು ವಾರದಿಂದ ಒಂದು ಮಾತಿಲ್ಲ.

ಏನು ಮಾಡಿಕೊಂಡೆ ಬರಿ. ಬಸಿರಾಗಿದ್ದರೂ ಬರಿ, ನಾನು ಸಾಯಲ್ಲ.

ನಿನ್ನಜ್ಜಿ,
ಸಿದ್ದಮ್ಮ


ತುಮಕೂರು
19 ಮಾರ್ಚ್ 2024

ಅಜ್ಜಿ,

ಬಸಿರಾಗಿಲ್ಲ. ಆಗಿದ್ದರೆ ಬರೆಯೋದು ಸುಲಭ ಇತ್ತು.

ನಮ್ಮ ಲ್ಯಾಬಿನಲ್ಲಿ ಕೀರ್ತಿಕುಮಾರ್ ಅಂತ ಟೆಕ್ನೀಷಿಯನ್ ಇದ್ದಾನೆ. ಪಿರಿಯಾಪಟ್ಟಣದವನು, ಕಂಟ್ರಾಕ್ಟ್ ಕೆಲಸ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಹೋದ ತಿಂಗಳು ಇಪ್ಪತ್ತೇಳನೇ ತಾರೀಕು ಅವನ ಬಲಗೈ ಸುಟ್ಟಿತು. ಎರಡು ಬೆರಳು ತೆಗೆದಿದ್ದಾರೆ. ಅಂಗೈಯ ಮಾಂಸ ಮೂಳೆಯ ತನಕ ಬೆಂದಿದೆ.

ಸುಟ್ಟಿದ್ದು ನಾನು.

ಯಂತ್ರ ಇರೋದು ಜಾಲರಿಯ ಪಂಜರದೊಳಗೆ. ಬಾಗಿಲು ತೆಗೆದರೆ ಕರೆಂಟು ತಾನೇ ಕಡಿಯುವ ಸ್ವಿಚ್ ಇದೆ. ಒಂದು ಸಲ ಕಡಿದರೆ ಮತ್ತೆ ಎಲ್ಲ ಸರಿ ಮಾಡೋಕೆ ನಲವತ್ತು ನಿಮಿಷ. ನಾನು ಆ ಸ್ವಿಚ್ಚಿಗೆ ತಂತಿ ಸುತ್ತಿ, ಬಾಗಿಲು ಮುಚ್ಚೇ ಇದೆ ಅಂತ ಅದನ್ನ ನಂಬಿಸಿದ್ದೆ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಅವತ್ತು ಮ್ಯಾಗ್ನೆಟ್ಟಿನ ಕರೆಂಟು ಕುಸಿದು ನೀಲಿ ಕಂಬ ಆರಿಹೋಯಿತು. ತಾಮ್ರದ ಸುರುಳಿ ಜಾರಿದ ಹಾಗೆ ಕಂಡಿತು. ಬೆಳಕು ಆರಿತು, ಅಲೆಯೂ ನಿಂತಿತು ಅಂದುಕೊಂಡೆ. ನಿಜ ತಿರುಗಾಮುರುಗಾ. ಉರಿಯುವಾಗ ಅಲೆಯ ಶಕ್ತಿಯನ್ನ ಪ್ಲಾಸ್ಮಾ ನುಂಗುತ್ತೆ. ಆರಿದ ಮೇಲೆ ನುಂಗುವವರಿಲ್ಲ, ಅಷ್ಟೂ ತಾಮ್ರದಲ್ಲೇ ಮಸೆದುಕೊಂಡು ನಿಲ್ಲುತ್ತೆ. ಇದನ್ನ ನಾನು ಪರೀಕ್ಷೆಯಲ್ಲಿ ಬರೆದು ನಂಬರ್ ತಗೊಂಡವಳು.

ಸುರುಳಿ ಸರಿಮಾಡೋಕೆ ಹೊರಟ ಕೀರ್ತಿ ಪಂಜರದ ಬಾಗಿಲಲ್ಲಿ ನಿಂತು, "ಮೇಡಂ, ಆಫ್ ಆಗಿದೆಯಾ?" ಅಂದ. ನಾನು ಪರದೆಯಿಂದ ತಲೆ ಎತ್ತದೆ, "ಹಿಂಗೈಯಲ್ಲಿ ಮುಟ್ಟಿ ನೋಡು, ಒದೆಯದಿದ್ದರೆ ಕರೆಂಟಿಲ್ಲ" ಅಂದೆ.

ಆನೆಗೆ ಅಂತ ಹಾಕಿದ ನಮ್ಮ ಸೋಲಾರ್ ಬೇಲಿ ಮುಟ್ಟೋ ಹಾಗೆ, ಅಜ್ಜಿ. ಮೊದಲು ಹುಲ್ಲುಕಡ್ಡಿ, ಆಮೇಲೆ ಹಿಂಗೈ, ಅಂತ ನೀನೇ ಕಲಿಸಿದ್ದು. ಬೇಲಿ ತಂತಿಯನ್ನ ಒಂದು ಕಡೆ ಮುಟ್ಟಿದರೆ ಉದ್ದಕ್ಕೂ ಗೊತ್ತಾಗುತ್ತೆ. ಈ ತಾಮ್ರ ಹಾಗಲ್ಲ. ಅದರ ಒಂದು ತುದಿ ನೆಲಕ್ಕೆ ಸೇರಿದೆ, ಅಲ್ಲಿ ಏನೂ ಇರಲ್ಲ. ಅವನು ಆ ತುದಿ ಮುಟ್ಟಿದ. ಒದೆಯಲಿಲ್ಲ. "ಇಲ್ಲ ಮೇಡಂ" ಅಂದು ಇನ್ನೊಂದು ತುದಿಯನ್ನ ಮುಷ್ಟಿ ತುಂಬ ಹಿಡಿದ. ರೇಡಿಯೋ ಅಲೆ ಒದೆಯೋದೇ ಇಲ್ಲ. ನರಕ್ಕೆ ತಿಳಿಯೋ ಮೊದಲೇ ಒಳಗಿಂದ ಬೇಯಿಸುತ್ತೆ. ಅವನು ಕೂಗೋ ಮೊದಲೇ ನನಗೆ ವಾಸನೆ ಬಂತು.

ವಿಚಾರಣೆಯ ಕಾಗದವನ್ನ ನನ್ನ ಗೈಡ್ ಬರೆಸಿದರು. ಕೀರ್ತಿಕುಮಾರ್ ಅಪ್ಪಣೆಯಿಲ್ಲದೆ ಒಳಗೆ ಹೋದ, ಸ್ವಿಚ್ಚಿಗೆ ತಂತಿ ಸುತ್ತಿದ್ದೂ ಅವನೇ ಅಂತ. ನಾನು ಸಹಿ ಹಾಕಿದೆ. ಮೇ ಇಪ್ಪತ್ತಕ್ಕೆ ಸಮಿತಿ ಕೂತು ಅದನ್ನ ಒಪ್ಪಿದರೆ ಅವನನ್ನ ಕೆಲಸದಿಂದ ತೆಗೀತಾರೆ, ಇನ್ನು ಯಾವ ಲ್ಯಾಬೂ ಅವನನ್ನ ಸೇರಿಸಲ್ಲ.

ಅಪ್ಪನಿಗೆ ಹೇಳಬೇಡ.

ರಂಜಿತಾ


ಬಸವನಕೊಪ್ಪಲು
26 ಮಾರ್ಚ್ 2024

ರಂಜಿತಾ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಎದುರಿಗಿದ್ದಿದ್ದರೆ ನಿನ್ನ ಬಲಗೈಯನ್ನೂ ಅಲ್ಲೇ ಇಟ್ಟು, ಹೇಗಿದೆ ಮಗಳೇ ಅಂತ ಕೇಳ್ತಿದ್ದೆ.

ನಾನು ಮಡಿಕೇರಿ ಆಕಾಶವಾಣಿ ಹಾಕಿಕೊಂಡು ಮೂವತ್ತು ವರ್ಷ ಮುದ್ದೆ ತಿರುವಿದವಳು. ರೇಡಿಯೋ ಮನುಷ್ಯನನ್ನ ಸುಡುತ್ತೆ ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ನಿನ್ನ ಓದು ಯಾವ ಹಿತ್ತಲಿಗೆ ಹೋಗಿತ್ತು? ನಾನು ಕಲಿಸಿದ್ದು ನಿನ್ನ ಕೈಗೆ ಕಣೇ, ಇನ್ನೊಬ್ಬನ ಕೈ ಚಾಚಿಸೋಕಲ್ಲ. ಬೇಲಿ ಮುಟ್ಟಬೇಕಾದಾಗೆಲ್ಲ ನಾನೇ ಮುಟ್ಟಿ ಆಮೇಲೆ ನಿನ್ನ ಬಿಡ್ತಿದ್ದೆ. ನೀನು ಕುರ್ಚಿ ಬಿಟ್ಟು ಏಳಲೂ ಇಲ್ಲ.

ಸುಟ್ಟಿದ್ದನ್ನ ತಪ್ಪು ಅನ್ನೋಣ. ಸಹಿ ಹಾಕಿದ್ದನ್ನ ಏನನ್ನೋಣ? ಬಿದ್ದವನ ಬಾಯಿಗೆ ಮಣ್ಣು ತುಂಬೋದು ಅದು. ಆ ಹುಡುಗನಿಗೆ ತಾಯಿ ಇದ್ದಾಳಾ? ಅವಳು ಅನ್ನ ಕಲಸಿ ತಿನ್ನಿಸ್ತಿದ್ದಾಳಾ, ಇಪ್ಪತ್ತೈದು ವರ್ಷದ ಮಗನಿಗೆ? ಒಂದು ದಿನ ಅದನ್ನ ಹೋಗಿ ನೋಡು. ಆಮೇಲೆ ನಿನ್ನ ನೀಲಿ ಕಂಬದ ಪಕ್ಕ ನಿಂತು ಉಣ್ಣು.

ಗೈಡು ಬರೆಸಿದರು, ನಾನು ಸಹಿ ಹಾಕಿದೆ ಅನ್ನೋದೆಲ್ಲ ನನಗೆ ಬೇಡ. ಸಮಿತಿಯ ಮುಂದೆ ನಿಂತು, ನಾನೇ ಅಂತ ಹೇಳು. ನೀನು ಹೇಳದಿದ್ದರೆ ನಾನು ಬಸ್ಸು ಹತ್ತಿ ತುಮಕೂರಿಗೆ ಬಂದು, ಆ ಸಮಿತಿಯವರ ಟೇಬಲ್ ಮೇಲೆ ಕೂತು ಹೇಳ್ತೀನಿ. ನನ್ನ ವಂಶದಲ್ಲಿ ಬಡವನ ಮೇಲೆ ಸುಳ್ಳು ಹೊರಿಸಿ ಬದುಕಿದವರಿಲ್ಲ.

ಸಿದ್ದಮ್ಮ


ತುಮಕೂರು
2 ಏಪ್ರಿಲ್ 2024

ಅಜ್ಜಿ,

ನಿಂಗನ ಚೀಲಕ್ಕೆ ಶುಂಠಿ ತುಂಬಿದ್ದು ಯಾರು?

ನನಗಾಗ ಎಂಟು ವರ್ಷ. ಮಂಜಿತ್ತು, ಉಚ್ಚೆಗೆ ಎದ್ದು ಬಚ್ಚಲ ಕಿಟಕಿಗೆ ಹತ್ತಿದ್ದೆ. ಅಪ್ಪ ಆ ಕೂಲಿಯವನ ಹೆಣವನ್ನ ಕಾಲು ಹಿಡಿದು ಎಳೀತಿದ್ದರು. ನೀನು ಸೆರಗು ಸೊಂಟಕ್ಕೆ ಕಟ್ಟಿ ನಮ್ಮ ರಾಶಿಯಿಂದ ಬಾಚಿ ಬಾಚಿ ತುಂಬ್ತಿದ್ದೆ. ಮಧ್ಯಾಹ್ನ ಪೊಲೀಸರ ಮುಂದೆ, ನಿಂಗ ಕಳ್ಳ, ಹಂದಿ ಹಿಡಿಯೋಕೆ ನಮ್ಮ ಬೇಲಿಗೆ ಕಂಬದಿಂದ ಕರೆಂಟು ಕೊಟ್ಟವನೂ ಅವನೇ ಅಂತ ನೀನು ಹೇಳಿದೆ. ಬಂದವರಿಗೆ ಕಾಫಿ ತಂದುಕೊಟ್ಟಿದ್ದು ನಾನು.

ಇಪ್ಪತ್ತೊಂದು ವರ್ಷದಿಂದ ನಾನು ಯಾರಿಗೂ ಹೇಳಿಲ್ಲ. ಸುಳ್ಳಿಗೆ ಒಂದೇ ಗೀಟಿನಲ್ಲಿ ಸಹಿ ಹಾಕಿದೆ ಅಜ್ಜಿ. ಎಲ್ಲಿ ಕಲಿತೆ ಅಂತ ನೀನು ಕೇಳಲಿಲ್ಲ.

ತುಮಕೂರಿಗೆ ಬರೋದಾದರೆ ಬಾ.

ರಂಜಿತಾ


ಬಸವನಕೊಪ್ಪಲು
30 ಏಪ್ರಿಲ್ 2024

ರಂಜಿತಾ,

ನಾಲ್ಕು ಸಂತೆ ಹೋಯಿತು. ಪ್ರತಿ ಮಂಗಳವಾರ ಕಾಗದ ತಗೊಂಡೆ, ಮಡಿಚಿಟ್ಟೆ. ನಿಮ್ಮಮ್ಮ, ಅತ್ತೆ ಯಾಕೆ ಬೈತಾ ಇಲ್ಲ, ಜ್ವರವಾ ಅಂತ ಹಣೆ ಮುಟ್ಟಿ ನೋಡಿದಳು.

ವಂಶದ ಮಾತು ಬರೆದೆನಲ್ಲ, ಅದನ್ನ ಹೊಡೆದು ಹಾಕು.

ನೀನು ಕಿಟಕಿಯಿಂದ ಕಂಡಿದ್ದು ಕಡೇ ಭಾಗ. ಮೊದಲಿಂದ ಹೇಳ್ತೀನಿ.

ಆ ವರ್ಷ ಸೋಲಾರ್ ಬೇಲಿಯ ಬ್ಯಾಟರಿ ಸತ್ತಿತ್ತು. ಆನೆ ಎರಡು ಸಲ ಬಂದು ಬಾಳೆ ಪೂರ್ತಿ ಮುಗಿಸಿತ್ತು. ನಿಮ್ಮಪ್ಪ ಲೈಟುಕಂಬದ ತಂತಿಗೆ ಕೊಕ್ಕೆ ಹಾಕಿ ಬೇಲಿಗೆ ಕೊಟ್ಟ. ಸೋಲಾರ್ ಆದರೆ ಒದ್ದು ಬಿಸಾಡುತ್ತೆ, ಇದು ಹಿಡಿದುಕೊಳ್ಳುತ್ತೆ. ಬೇಡ ಅಂತ ನಾನು ಹೇಳಲಿಲ್ಲ. ಶುಂಠಿ ನನಗೂ ಬೇಕಿತ್ತು. ಸಂಜೆ ಹಾಕೋದು, ಬೆಳಕು ಹರಿಯೋ ಮೊದಲು ತೆಗೆಯೋದು, ಅದು ಅವನ ಕೆಲಸ.

ನಿಂಗ ಜವರಿಯನ್ನ ಕಟ್ಟಿಕೊಂಡು ನೆಲ್ಯಹುದಿಕೇರಿ ಕಡೆಯ ಎಸ್ಟೇಟ್ ಬಿಟ್ಟು ನಮ್ಮ ಹಿಂದಿನ ಗುಡಿಸಲಿಗೆ ಬಂದಿದ್ದ. ಶುಂಠಿ ಕೀಳೋದರಲ್ಲಿ ಅವನಂಥ ಕೈ ಇರಲಿಲ್ಲ, ಒಂದು ಬೆರಳೂ ಮುರಿಯದ ಹಾಗೆ ಗಡ್ಡೆ ಎತ್ತೋನು. ಹಿಂದಿನ ಸಂಜೆ ಅವನಿಗೆ ನಾನು ಬೈದಿದ್ದೆ. "ಏನೋ, ಬಿಸಿಲು ನೆತ್ತಿಗೆ ಬಂದ ಮೇಲೆ ಅಳಿಯನ ಹಾಗೆ ಬರ್ತೀಯ. ನಾಳೆ ಕೋಳಿ ಕೂಗೋ ಹೊತ್ತಿಗೆ ಹೊಲದಲ್ಲಿರಬೇಕು" ಅಂದೆ. ಅವನು, "ಆಯ್ತು ಅವ್ವಾ, ನೀವು ಕೂಗೋಕೆ ಮುಂಚೆ ಇರ್ತೀನಿ" ಅಂತ ನಕ್ಕ. ಕೊಕ್ಕೆ ವಿಷಯ ಅವನಿಗೆ ಗೊತ್ತಿರಲಿಲ್ಲ. ಆಳಿಗೆ ಹೇಳಿದರೆ ಊರಿಗೆ ಹೇಳಿದ ಹಾಗೆ ಅಂತ ಬಚ್ಚಿಟ್ಟಿದ್ದೆವು.

ಹೇಳಿದ ಹಾಗೆ ಬಂದ. ಹತ್ತಿರದ ದಾರಿ ಅಂತ ತಂತಿ ಎತ್ತಿ ನುಸುಳಿದ. ನಿಮ್ಮಪ್ಪ ಎದ್ದಿರಲಿಲ್ಲ. ನಾನು ನೋಡಿದಾಗ ನಿಂಗ ಮಂಡಿಯೂರಿ ತಂತಿಗೆ ನೇತುಕೊಂಡಿದ್ದ, ಪೂಜೆಗೆ ಕೂತವನ ಹಾಗೆ. ಬೆರಳು ತಂತಿಗೆ ಅಂಟಿ ಕಪ್ಪಾಗಿತ್ತು, ಹಲ್ಲು ನಾಲಿಗೆಯನ್ನ ಕಡಿದಿತ್ತು. ಕೊಕ್ಕೆ ಕಿತ್ತ ಮೇಲೂ ಕೈ ಬಿಡಲಿಲ್ಲ. ನಿಮ್ಮಪ್ಪ ಅಳ್ತಾ ನಿಂತಿದ್ದ. ನಾನೇ ಕಟಿಂಗ್ ಪ್ಲೇಯರ್ ತಂದು ಒಂದೊಂದು ಬೆರಳು ಬಿಡಿಸಿದೆ. ಚರ್ಮ ತಂತಿಯಲ್ಲೇ ಉಳೀತು. ಅದನ್ನೂ ಒರೆಸಿದೆ. ಆಮೇಲೆ ಚೀಲ ತಂದೆ.

ನಿಮ್ಮಪ್ಪ, "ಬೇಡ ಅವ್ವ" ಅಂದ. ಅದನ್ನ ನೀನು ಕೇಳಿಸಿಕೊಳ್ಳಲಿಲ್ಲ. ಅವನ ಕೆನ್ನೆಗೆ ಬಾರಿಸಿ, "ಜೈಲಿಗೆ ಹೋಗ್ತೀಯಾ? ಕಾಲು ಹಿಡಿ" ಅಂದೆ.

ಜವರಿ ಹೆಣದ ಮೇಲೆ ಬಿದ್ದು, ನನ್ನ ಗಂಡ ಕಳ್ಳ ಅಲ್ಲ ಅಂತ ಮಣ್ಣು ತಿಂತಿದ್ದಳು. ಕಂಕುಳಲ್ಲಿ ಮೂರು ವರ್ಷದ ಮಗ. ಒಂದು ವಾರದಲ್ಲಿ ಗುಡಿಸಲು ಬಿಡಿಸಿದೆವು. ನಿಮ್ಮಪ್ಪ ಅವತ್ತಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೀತಾನೆ. ನಾನು ನಾಲಿಗೆಯಲ್ಲಿ ಹೊಡೀತೀನಿ.

ನಿನಗೆ ಬುದ್ಧಿ ಹೇಳೋ ಮುಖ ನನಗಿಲ್ಲ. ಆದರೂ ಹೇಳ್ತೀನಿ, ಕೇಳೋದು ಬಿಡೋದು ನಿನ್ನಿಷ್ಟ. ಹೇಳದೇ ಬದುಕೋದು ಹೇಗಿರುತ್ತೆ ಅಂತ ನನಗೆ ಗೊತ್ತು. ಏನೂ ಆಗಲ್ಲ. ಉಣ್ತೀಯ, ಮಲಗ್ತೀಯ, ಹಬ್ಬ ಮಾಡ್ತೀಯ. ಅದೇ ಕೆಟ್ಟದ್ದು.

ಸಿದ್ದಮ್ಮ


ತುಮಕೂರು
6 ಮೇ 2024

ಅಜ್ಜಿ,

ನಿನ್ನ ಕಾಗದ ನನ್ನ ಹತ್ತಿರ ಇದೆ. ಸುಡಲಿಲ್ಲ.

ನಿನ್ನೆ ಪಿರಿಯಾಪಟ್ಟಣಕ್ಕೆ ಹೋಗಿದ್ದೆ, ಕೀರ್ತಿ ಮನೆಗೆ. ಅವನ ತಾಯಿ ಕಾಫಿ ಕೊಟ್ಟರು, ಮಗಳೇ ಅಂದರು. ಅವರಿಗೆ ಗೊತ್ತಿಲ್ಲ. ಕೀರ್ತಿ ಎಡಗೈಯಲ್ಲಿ ಅಕ್ಷರ ಕಲೀತಿದ್ದಾನೆ, ಹಳೇ ಕಾಪಿ ಪುಸ್ತಕ ಇಟ್ಟುಕೊಂಡು. ಬಲಗೈಗೆ ಹೊಟ್ಟೆಯ ಚರ್ಮ ಕಸಿ ಮಾಡಿದ್ದಾರೆ. ಬ್ಯಾಂಡೇಜ್ ಬಿಚ್ಚಿ ತೋರಿಸಿದ. ತೋರಿಸು ಅಂತ ನಾನು ಕೇಳಿರಲಿಲ್ಲ.

"ನನ್ನ ಬಾಯಿ ಮುಚ್ಚಿಸೋಕೆ ಬಂದ್ರಾ ಮೇಡಂ?" ಅಂದ. ಇಲ್ಲ ಅಂದೆ. "ಹಾಗಾದ್ರೆ ತೆರೆಸೋಕಾ?" ಅಂದ. ಅವನು ಕಾಪಿ ಪುಸ್ತಕಕ್ಕೆ ತಿರುಗಿಕೊಂಡ. ಬಾಗಿಲ ತನಕ ಬಂದು ಅವನ ತಾಯಿ, ಮತ್ತೆ ಬಾ ಮಗಳೇ ಅಂದರು.

ಸಮಿತಿ ಇನ್ನು ಹದಿನಾಲ್ಕು ದಿನಕ್ಕೆ. ಗೈಡ್ ಇವತ್ತು ಕರೆದು, ಹೊಸದೇನೂ ಹೇಳಬೇಡ, ನಿನ್ನ ಪಿಎಚ್‌ಡಿ ಮುಗಿಯೋಕೆ ಆರೇ ತಿಂಗಳಿದೆ ಅಂದರು. ಬೆದರಿಸಲಿಲ್ಲ. ಬಿಸ್ಕತ್ತು ಕೊಟ್ಟರು.

ಏನು ಮಾಡ್ತೀನಿ ಅಂತ ನನಗಿನ್ನೂ ಗೊತ್ತಿಲ್ಲ.

ರಂಜಿತಾ


ಬಸವನಕೊಪ್ಪಲು
14 ಮೇ 2024

ರಂಜಿತಾ,

ಅಕ್ಷರ ಸೊಟ್ಟ ಇವೆ. ಬಲಭುಜ ಎತ್ತೋಕಾಗಲ್ಲ. ಓದಿಕೋ.

ಶುಕ್ರವಾರ ಜವರಿಯನ್ನ ಹುಡುಕಿಕೊಂಡು ಹೋದೆ. ಮನೇಲಿ ಕಣ್ಣು ತೋರಿಸೋಕೆ ಅಂತ ಹೇಳಿದೆ. ಕುಶಾಲನಗರದಲ್ಲಿ ಬಸ್ಸು ಹತ್ತಿ ನೆಲ್ಯಹುದಿಕೇರಿಯಲ್ಲಿ ಇಳಿದು ಕೇಳಿದೆ. ಒಬ್ಬಳು ಮಲಯಾಳಿ ಹೆಂಗಸು, "ಜವರಿಯಾ? ಆ ಕಳ್ಳನ ಹೆಂಡ್ತಿ?" ಅಂದು ದಾರಿ ತೋರಿಸಿದಳು. ಸಿದ್ದಾಪುರದಾಚೆ ಒಂದು ಎಸ್ಟೇಟಿನ ಲೈನಲ್ಲಿ, ಕೂಲಿಗಳ ಸಾಲುಮನೇಲಿದ್ದಾಳೆ. ಅಷ್ಟು ದೂರಕ್ಕೂ ನಾನು ಕೊಟ್ಟ ಹೆಸರು ಅವಳ ಜೊತೆ ಹೋಗಿದೆ ನೋಡು.

ಮನೆ ಮುಂದೆ ಸಿಲ್ವರ್ ಓಕ್ ಸೌದೆ ಸೀಳ್ತಿದ್ದಳು. ನನ್ನ ಗುರುತು ಸಿಗಲಿಲ್ಲ. "ಯಾರವ್ವ, ನೀರು ಬೇಕಾ?" ಅಂದಳು. ನೀರು ಕುಡಿದು ಹೇಳಿದ್ದರೆ ದ್ರೋಹ ಆಗ್ತಿತ್ತು. ಬೇಡ ಅಂದೆ. ನಿಂತೇ ಹೇಳಿದೆ. ಕೊಕ್ಕೆ, ಬೆರಳು, ಚೀಲ, ಎಲ್ಲ.

ಮುಗಿಯೋ ತನಕ ಕೇಳಿದಳು. ಆಮೇಲೆ ಸೀಳಿದ ಸೌದೆ ಎತ್ತಿ ಭುಜಕ್ಕೆ ಹೊಡೆದಳು. ಮೂಳೆ ಲಟಕ್ ಅಂದಿದ್ದು ನನಗೇ ಕೇಳಿಸಿತು. ಎರಡನೇದು ಬೆನ್ನಿಗೆ. ಬಿದ್ದೆ. ಮೂರನೇದಕ್ಕೆ ಸೌದೆ ಬಿಸಾಕಿ ಕೊಡಲಿ ತಗೊಂಡಳು. ನಾನು ತಲೆಗೂದಲು ಪಕ್ಕಕ್ಕೆ ಸರಿಸಿ ಕತ್ತು ಕೊಟ್ಟೆ. ಧೈರ್ಯ ಅಂದುಕೋಬೇಡ. ಬೇಗ ಮುಗಿಸಲಿ ಅನ್ನೋ ಆಸೆ ಅಷ್ಟೆ.

ಲೈನಿನ ಜನ ಸೇರಿದ್ದರು. ಯಾರೂ ಹಿಡಿಯಲಿಲ್ಲ.

ಕೊಡಲಿ ನನ್ನ ಕಿವಿ ಪಕ್ಕದ ನೆಲಕ್ಕೆ ಇಳೀತು. ಜವರಿ ಏದುಸಿರು ಬಿಡ್ತಾ ಹೇಳಿದಳು, "ನಿನ್ನ ಕೊಂದ್ರೆ ನನ್ನ ಮಗ ಕಳ್ಳನ ಮಗ ಮಾತ್ರ ಅಲ್ಲ, ಕೊಲೆಗಾತಿ ಮಗನೂ ಆಯ್ತಾನೆ. ನಿನಗೋಸ್ಕರ ಅಷ್ಟು ಕೊಡಲ್ಲ ನಾನು."

ನಾನು ಕ್ಷಮಿಸು ಅಂದೆ. ಮುಖಕ್ಕೆ ಉಗಿದಳು. "ಅದನ್ನ ಕೇಳೋಕೆ ಬಸ್ಸು ಹತ್ತಿದ್ಯಾ? ನಿನ್ನ ಹಗುರಕ್ಕೆ ಬಂದ್ಯಾ? ಬರಕೊಡು. ಅವತ್ತು ಪೊಲೀಸರಿಗೆ ಬರಸಿದಂಗೇ ಇವತ್ತೂ ಬರಕೊಡು. ನನ್ನ ಮಗ ಓದ್ತಾನೆ, ಲೈನಿನವರೆಲ್ಲ ಕೇಳಬೇಕು, ಆಮೇಲೆ ಅದು ಠಾಣೆಗೆ ಹೋಗಬೇಕು."

ಅವತ್ತು ಕೈ ಏಳಲಿಲ್ಲ. ಬಂದು ಬರೆದುಕೊಡ್ತೀನಿ ಅಂತ ಮಾತು ಕೊಟ್ಟು ಬಂದೆ. ಮನೇಲಿ ಬಸ್ಸಿಳಿಯುವಾಗ ಬಿದ್ದೆ ಅಂತ ಹೇಳಿದೀನಿ. ಇದೇ ಕಡೇ ಸುಳ್ಳು ಆಗಲಿ.

ನಿನ್ನ ಸಮಿತಿಗೆ ಮೊದಲು ಇದು ಸೇರುತ್ತೋ ಇಲ್ಲವೋ. ಸೇರಿದರೂ ನನಗೋಸ್ಕರ ಏನೂ ಮಾಡಬೇಡ.

ಸಿದ್ದಮ್ಮ


ತುಮಕೂರು
23 ಮೇ 2024

ಅಜ್ಜಿ,

ನಿನ್ನ ಕಾಗದ ಬಂದಿದ್ದು ಇಪ್ಪತ್ತೊಂದಕ್ಕೆ. ಅಷ್ಟರಲ್ಲಿ ಮುಗಿದಿತ್ತು.

ಸಮಿತಿಯಲ್ಲಿ ಐದು ಜನ. ಕೀರ್ತಿಯನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ತಂತಿ ಸುತ್ತಿದ್ದು ನಾನು, ಮುಟ್ಟು ಅಂದವಳೂ ನಾನು, ಸಹಿ ಹಾಕಿದ್ದು ಸುಳ್ಳು ಅಂದೆ. ಗೈಡ್ ತಲೆ ಎತ್ತಲಿಲ್ಲ. ಹೊರಗಿಂದ ಬಂದಿದ್ದ ಒಬ್ಬರು ನನ್ನನ್ನ ನಂಬಲಿಲ್ಲ. ಮುಟ್ಟಿ ನೋಡಿದಾಗ ಏನೂ ಇಲ್ಲದ ತಾಮ್ರ ಮರುಗಳಿಗೆ ಕೈ ಬೇಯಿಸೋದು ಹೇಗೆ, ಸ್ನೇಹಿತನನ್ನ ಉಳಿಸೋಕೆ ಕತೆ ಕಟ್ತಿದ್ದೀಯ ಅಂದರು.

ತೋರಿಸ್ತೀನಿ ಅಂದು ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದೆ. ಕ್ಯಾಂಟೀನಿನಿಂದ ಎರಡು ಹಸಿ ಕೋಳಿಕಾಲು ತರಿಸಿದೆ. ಉದ್ದದ ಗಾಜಿನ ಕೋಲಿಗೆ ಕಟ್ಟಿ, ಮನುಷ್ಯ ನೆಲದ ಮೇಲೆ ನಿಂತ ಹಾಗೆ ಮಾಂಸಕ್ಕೆ ಒಂದು ತಂತಿ ಸೇರಿಸಿ ನೆಲಕ್ಕೆ ಕೊಟ್ಟೆ. ಸುರಕ್ಷತಾ ಅಧಿಕಾರಿ ಸ್ವಿಚ್ಚಿನ ಪಕ್ಕ ನಿಂತರು. ಅನಿಲ ಬಿಟ್ಟು ಅಲೆ ಕೊಟ್ಟೆ, ಕೊಳವೆ ಗುಲಾಬಿಯಾಯಿತು. ಮ್ಯಾಗ್ನೆಟ್ ಏರಿಸಿದೆ, ನೀಲಿ ಕಂಬ ನಿಂತಿತು. ಎಲ್ಲರೂ ಒಂದು ಕ್ಷಣ ಅದನ್ನೇ ನೋಡಿದರು, ಅಷ್ಟು ಚೆಂದ ಅದು. ಮ್ಯಾಗ್ನೆಟ್ ಇಳಿಸಿ, ಅನಿಲ ಮುಚ್ಚಿದೆ. ಬೆಳಕು ಆರಿತು. ಈಗ ಆಫ್ ಆಗಿದೆ ಅನ್ನಿಸುತ್ತಾ ಅಂದೆ. ಹೌದು ಅಂದರು.

ಮೊದಲ ಕಾಲನ್ನ ಒಂದು ತುದಿಗೆ ತಾಗಿಸಿದೆ, ಏನೂ ಇಲ್ಲ. ಎರಡನೇದನ್ನ ಇನ್ನೊಂದು ತುದಿಗೆ. ಕಿಡಿ ಚರ್ಮವನ್ನ ಸೀಳಿತು, ಹೊಗೆ ಬಂತು, ಮೂಳೆಯ ಪಕ್ಕದ ಮಾಂಸ ಸಿಡಿದು ಕೊಳವೆಗೆ ಬಡೀತು. ನಾಲ್ಕು ಸೆಕೆಂಡು. ಪ್ರಶ್ನೆ ಕೇಳಿದವರು ಹೊರಗೆ ಹೋಗಿ ವಾಂತಿ ಮಾಡಿದರು. ಅದೇ ವಾಸನೆ, ಅಜ್ಜಿ. ನಾನು ಕೋಲು ಬಿಡಲಿಲ್ಲ.

ಕೀರ್ತಿಯ ಹೆಸರು ಕಾಗದದಿಂದ ತೆಗೆದರು. ಅವನ ಕೆಲಸ ಉಳೀತು, ಆಸ್ಪತ್ರೆಯ ಖರ್ಚನ್ನ ನಮ್ಮ ಸಂಶೋಧನಾ ಕೇಂದ್ರ ನೋಡಿಕೊಳ್ಳುತ್ತೆ. ನನ್ನನ್ನ ಲ್ಯಾಬಿನಿಂದ ಹೊರಗೆ ಹಾಕಿದರು. ಪಿಎಚ್‌ಡಿ ಇಲ್ಲ. ಪೊಲೀಸರಿಗೂ ಬರೀತಾರಂತೆ.

ಹೊರಗೆ ಬಂದಾಗ ಕೀರ್ತಿ ಬೆಂಚಿನಿಂದ ಎದ್ದ. ನಾನು ಏನೋ ಹೇಳೋಕೆ ಹೋದೆ. "ನನಗೆ ನಿಮ್ಮ ಮುಖ ನೋಡೋಕಾಗಲ್ಲ ಮೇಡಂ, ಆ ಕಡೆಯಿಂದ ಹೋಗಿ" ಅಂದ. ಆ ಕಡೆಯಿಂದ ಹೋದೆ.

ನಿನ್ನ ಭುಜಕ್ಕೆ ಡಾಕ್ಟರಿಗೆ ತೋರಿಸು.

ರಂಜಿತಾ


ಬಸವನಕೊಪ್ಪಲು
11 ಜೂನ್ 2024

ರಂಜಿತಾ,

ಅವನು ಆ ಕಡೆಯಿಂದ ಹೋಗು ಅಂದದ್ದು ಸರಿ. ಅವನ ಮನೆಗೆ ಮತ್ತೆ ಹೋಗಬೇಡ, ಅವನ ತಾಯಿ ಕರೆದರೂ. ಸತ್ಯ ಹೇಳಿದ್ದಕ್ಕೆ ಅವನಿಂದ ಕೂಲಿ ಕೇಳಬಾರದು. ಪೊಲೀಸರು ಕರೆದಾಗ ಸಮಿತಿಗೆ ಹೇಳಿದ್ದನ್ನೇ ಹೇಳು.

ಇನ್ನು ನನ್ನ ವಿಷಯ. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ಆ ಕಾಗದ ಬರೆದೆ. ನಿಮ್ಮಪ್ಪ ನೋಡಿಬಿಟ್ಟ. ಹರಿದ. ಮತ್ತೆ ಬರೆದೆ, ಹರಿದು ಒಲೆಗೆ ಹಾಕಿದ. "ಇಪ್ಪತ್ತು ವರ್ಷ ಮುಚ್ಚಿಟ್ಟು ಈಗ ನನ್ನ ಕೊಲ್ತೀಯಾ ಅವ್ವ?" ಅಂತ ಮುಕ್ಕಾಲಿ ಎತ್ತಿ ಗೋಡೆಗೆ ಹೊಡೆದು ಚೂರು ಮಾಡಿದ. ಆಮೇಲೆ ನನ್ನ ಕತ್ತಿಗೆ ಕೈ ಹಾಕಿದ. ನಿಮ್ಮಮ್ಮ ಸೌಟಲ್ಲಿ ಅವನ ಕೈ ಮೇಲೆ ಹೊಡೆದು ಬಿಡಿಸಿದಳು. ಮೂವತ್ತು ವರ್ಷದಲ್ಲಿ ಅವಳು ಕೈ ಎತ್ತಿದ್ದು ಅದೇ ಮೊದಲು. ಕೈ ಬಿಟ್ಟ ಮೇಲೆ ಅವನು ಕೆಳಗೆ ಕೂತು, ಕೂಸಿನ ಹಾಗೆ ಅತ್ತ. "ನಾನು ಬೇಡ ಅಂದಿದ್ದೆ. ನೀನೇ ಕಾಲು ಹಿಡಿ ಅಂದೆ" ಅಂದ. ನಿಜ. ಅಂದಿದ್ದ.

ನಿನ್ನೆ ಬರಿಗೈಯಲ್ಲಿ ಬಸ್ಸು ಹತ್ತಿದೆ. ಸಿದ್ದಾಪುರದ ಅಂಗಡೀಲಿ ಪೆನ್ನು ಕಾಗದ ತಗೊಂಡೆ. ಕೆಲಸ ಬಿಟ್ಟು ಲೈನಿನವರು ಬರೋ ಹೊತ್ತು. ಜವರಿ ಒಳಗೆ ಕರೆಯಲಿಲ್ಲ. ಹೊಸ್ತಿಲ ಹೊರಗೆ ಮಣೆ ಹಾಕಿದಳು. ಅಲ್ಲೇ ಕೂತು ಬರೆದೆ. ಅವಳ ಮಗನ ಹೆಸರು ಚಿಕ್ಕ, ಈಗ ಇಪ್ಪತ್ತನಾಲ್ಕು, ಅಪ್ಪನ ಎತ್ತರ, ಅಪ್ಪನ ಗಲ್ಲ, ಪಿಕಪ್ ಓಡಿಸ್ತಾನೆ. ನನ್ನ ಮುಖ ನೋಡದೆ ಕಾಗದ ಇಸಕೊಂಡ.

ಜೋರಾಗಿ ಓದಿದ. ಕಾಫಿ ತೋಟದವರು, ತಮಿಳರು, ಮಲಯಾಳದವರು, ಐವತ್ತು ಜನ ಇದ್ದರು. ನಿಂಗ ಕಳ್ಳ ಅಲ್ಲ, ಹಂದಿ ಹಿಡಿಯೋಕೆ ಬಂದವನೂ ಅಲ್ಲ, ಸಿದ್ದಮ್ಮನಾದ ನಾನು ಬೇಗ ಬಾ ಅಂದಿದ್ದಕ್ಕೆ ಕೂಲಿಗೆ ಬಂದವನು, ನಮ್ಮ ಬೇಲಿಯ ಕರೆಂಟು ಅವನನ್ನ ಕೊಂದಿತು, ಅವನ ಚೀಲಕ್ಕೆ ನಮ್ಮ ಶುಂಠಿ ತುಂಬಿದವಳು ನಾನು, ಇಷ್ಟೂ ಓದಿದ. ಓದಿ ಮುಗಿಸಿ ಪಕ್ಕಕ್ಕೆ ಹೋಗಿ ಗೋಡೆಗೆ ಹಣೆ ಇಟ್ಟ. ಅಲ್ಲಿದ್ದ ಮುದುಕನೊಬ್ಬ ಬೀಡಿ ಎಸೆದು ಎದ್ದು ನಿಂತ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಜವರಿ ಎದ್ದಿರಲಿಲ್ಲ. "ಬೇಲಿಗೆ ಕರೆಂಟು ಕೊಟ್ಟವನ ಹೆಸರು ಎಲ್ಲಿ?" ಅಂದಳು.

ನಾನು ಬರೆದಿರಲಿಲ್ಲ. ಮೂರು ಸಲ ಬರೆದೆನಲ್ಲ, ಮೂರು ಸಲವೂ ನಮ್ಮ ಬೇಲಿಯ ಕರೆಂಟು ಅಂತ ಬರೆದೆ. ನಾನು ಹೇಳಿಕೊಟ್ಟಿದ್ದು, ಎಲ್ಲಾ ನನ್ನ ಮೇಲಿರಲಿ ಅಂದೆ. ಅವಳು, "ನೀನು ಚೀಲ ತುಂಬಿದವಳು. ಕೊಕ್ಕೆ ಹಾಕಿದವನು ಯಾರು?" ಅಂದಳು. ಏರುದನಿಯಲ್ಲ.

ಅವನನ್ನ ಹೆರುವಾಗ ಎರಡು ದಿನ ನೋವು ತಿಂದಿದ್ದೆ, ಅದನ್ನೇನು ಅವಳಿಗೆ ಹೇಳೋದು. ಕಾಗದ ವಾಪಸ್ ಇಸಕೊಂಡೆ. ಲೈನಿನವರೆಲ್ಲ ನಿಂತೇ ಇದ್ದರು. ಕಾಗದದಲ್ಲಿ ಜಾಗ ಉಳಿದಿರಲಿಲ್ಲ, ಅಂಚಿನಲ್ಲಿ ಬರೆಯಬೇಕಾಯಿತು. ನಿನ್ನ ಅಪ್ಪನ ಹೆಸರಿನ ಮೊದಲ ಅಕ್ಷರ ನನ್ನ ಹೆಸರಿನದೇ. ಅಷ್ಟು ಬರೆದು ಕೈ ನಿಂತಿತು.

ಜವರಿ ಕಾದಳು. ಅವಸರ ಮಾಡಲಿಲ್ಲ.

ಪೂರ್ತಿ ಬರೆದೆ.

ಸಿದ್ದಮ್ಮ